ಕಾರ್ಡಿನ ಮೇಲಿನ ಎರಡನೇ ಹೆಸರು

2025ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಸರೋವರದ ದಂಡೆಯ ಈರಿ ಪಟ್ಟಣದ ಪೊಲೀಸ್ ಠಾಣೆಗೆ ಎಪ್ಪತ್ತೊಂದು ವರ್ಷದ ಲೊರೇನ್ ನೊವಿಕಿ, ನಡೆಯಲು ಆಸರೆಯ ವಾಕರ್ ತಳ್ಳಿಕೊಂಡು ಬಂದಳು. ತನ್ನ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಯಾರೋ ಕಟ್ಟಿಬಿಟ್ಟಿದ್ದಾರೆ ಎಂದು ದೂರು ಕೊಟ್ಟಳು.

ಮೇಜಿನ ಹಿಂದಿದ್ದ ಸಾರ್ಜೆಂಟ್ ಪೆನ್ನು ಕೆಳಗಿಟ್ಟ.

"ಕದ್ದಿದ್ದಾರೆ ಅಂತಾನಾ?"

"ಕಿವಿ ಕೇಳಿಸಲ್ವಾ ನಿಂಗೆ? ಕಟ್ಟಿದ್ದಾರೆ ಅಂದೆ. ಅರವತ್ತು ಡಾಲರು."

"ಅಮ್ಮಾ, ನನ್ನ ಹತ್ರಾನೂ ಒಂದು ಕಾರ್ಡಿದೆ. ಆ ಪುಣ್ಯಾತ್ಮ ಸಿಕ್ಕಿದ್ರೆ ನನ್ನ ನಂಬರೂ ಕೊಡಿ."

ಸಾಲಿನಲ್ಲಿ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಲೊರೇನ್ ವಾಕರ್ ಸಮೇತ ಅವರ ಕಡೆ ತಿರುಗಿ ಒಮ್ಮೆ ನೋಡಿದಳು. ನಗು ನಿಂತಿತು. ಮೂವತ್ತಮೂರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವಳು. ಸಾಲಿನಲ್ಲಿ ಗಲಾಟೆ ಮಾಡುವವರನ್ನು ಸುಮ್ಮನಾಗಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಕಟ್ಟಿದವಳು ನನ್ನ ಮಗಳು ಟೆಸ್ಸಾ," ಎಂದಳು. "ಮನೆ ಬಿಟ್ಟು ಹನ್ನೊಂದು ವರ್ಷ ಆಯ್ತು. ಹುಡುಕಿಕೊಡಿ. ಈಗ ಪೆನ್ನು ಎತ್ಕೊ."

ಕಾಫಿ ಲೋಟ ಹಿಡಿದು ಅತ್ತ ಹೋಗುತ್ತಿದ್ದ ಡಿಟೆಕ್ಟಿವ್ ಗಸ್ ಮಾಲಟೆಸ್ಟಾ ನಿಂತ. ಐವತ್ತೆಂಟು ವರ್ಷದ ದಪ್ಪ ಆಳು, ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಇಂಥ ದೂರುಗಳನ್ನು ಸಾಮಾನ್ಯವಾಗಿ ಅವನೂ ನಗುತ್ತಲೇ ಸಾಗಹಾಕುತ್ತಿದ್ದ. ಅವತ್ತು ಮಾತ್ರ ಬಾಗಿಲು ತೆಗೆದು, "ಬನ್ನಿ ಅಮ್ಮ, ಒಳಗೆ ಕೂತ್ಕೊಳ್ಳಿ," ಎಂದ. ಹೇಳಿಕೆ ಬರೆದುಕೊಳ್ಳಲು ಆಫೀಸರ್ ಯೊಲಾಂಡಾ ಬ್ರಿಗ್ಸ್ ಬಂದಳು. ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದ ಹುಡುಗಿ, ಚುರುಕು.

"ಕಾರ್ಡು ಯಾವಾಗಿಂದು?" ಮಾಲಟೆಸ್ಟಾ ಕೇಳಿದ.

"ಎಂಬತ್ತೊಂಬತ್ತರಲ್ಲಿ ತಗೊಂಡಿದ್ದು. ಬಟ್ಟೆ ಒಗೆಯೋ ಯಂತ್ರ ತಗೊಳ್ಳೋಕೆ ಅಂತ ನಮ್ಮೆಜಮಾನ್ರು ಮಾಡಿಸಿದ್ರು. ಮೊನ್ನೆವರೆಗೂ ಒಂದು ತಿಂಗಳೂ ತಪ್ಪಿಸಿರಲಿಲ್ಲ."

"ಮಗಳ ಹೆಸರು ಅದರ ಮೇಲೆ ಹೇಗೆ ಬಂತು?"

"ಇದೇನು ಕೇಳ್ತೀಯಪ್ಪ! ಹದಿನೆಂಟು ತುಂಬಿದಾಗ ನಿಮ್ಮಪ್ಪ ನಿನ್ನ ಹೆಸರು ಸೇರಿಸಲಿಲ್ವಾ?"

ಸೇರಿಸಿದ್ದ. ಆ ದೇಶದಲ್ಲಿ ಎಲ್ಲರ ಮನೆಯಲ್ಲೂ ಅದೇ. ಸಾಲ ಮಾಡಿ ತೀರಿಸಿದ ಚರಿತ್ರೆಯೂ ಅದಕ್ಕೆ ಸಿಗುವ ಸ್ಕೋರ್ ಎಂಬ ಅಂಕವೂ ಇಲ್ಲದವನಿಗೆ ಅಲ್ಲಿ ಬಾಡಿಗೆಗೆ ಒಂದು ಕೋಣೆ ಕೂಡ ಸಿಗುವುದಿಲ್ಲ. ಹದಿನೆಂಟರ ಮಗುವಿಗೆ ಎಲ್ಲಿಂದ ಬರಬೇಕು ಚರಿತ್ರೆ? ಅದಕ್ಕೆ ಹೆತ್ತವರು ತಮ್ಮ ಹಳೇ ಕಾರ್ಡಿನ ಮೇಲೆ ಮಗುವಿನ ಹೆಸರನ್ನೂ ಬರೆಸುತ್ತಾರೆ. ಬಾಕಿ ಕಟ್ಟುವ ಹೊಣೆ ಹೆತ್ತವರದೇ. ಆದರೆ ಅವರು ಇಷ್ಟು ವರ್ಷ ತಪ್ಪದೆ ಕಟ್ಟಿದ್ದೆಲ್ಲ ಮಗುವಿನ ಖಾತೆಯಲ್ಲೂ ಕಾಣಿಸಿಕೊಳ್ಳುತ್ತದೆ. ಬೇರೆ ಕಡೆ ಮಕ್ಕಳ ಹೆಸರಿಗೆ ಜಮೀನು ಬರೆದುಕೊಡುವ ಹಾಗೆ. ಹೆಸರು ತೆಗೆಸಿದ ದಿನ ಅಷ್ಟೂ ಅಳಿಸಿಹೋಗುತ್ತದೆ, ಅದೂ ನಿಜ.

"ಮನೆ ಯಾಕೆ ಬಿಟ್ಟಳು?"

ಲೊರೇನ್ ಕೈಚೀಲದ ಬಾಯಿ ತೆಗೆದಳು, ಮುಚ್ಚಿದಳು.

"2013, ಅಕ್ಟೋಬರು. ಅವರಪ್ಪ ಸಾಯೋ ಹೊತ್ತಿಗೆ ಬರಲಿಲ್ಲ. ಮಣ್ಣು ಮಾಡಿದ ಮೇಲೆ ಬಂದ್ಲು. ಇನ್ನು ಈ ಬಾಗಿಲು ತಟ್ಟಬೇಡ ಅಂದೆ. ತಟ್ಟಲೇ ಇಲ್ಲ. ನನ್ನ ಮಗಳೇ ತಾನೇ, ಹಟ ಎಲ್ಲಿಂದ ಬರಬೇಕು!"

"ಕಾರ್ಡಿಂದ ಹೆಸರು ತೆಗೆಸಲಿಲ್ವಾ?"

"ಬಾಗಿಲು ತಟ್ಟಬೇಡ ಅಂದೆ ಕಣಯ್ಯಾ. ಹೆಸರು ತೆಗೀತೀನಿ ಅಂದೆನಾ? ತಿಂಗಳಿಗೊಂದ್ಸಲ ಅದೇ ಕಾರ್ಡಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸ್ತೀನಿ. ಬಳಸದಿದ್ರೆ ಬ್ಯಾಂಕಿನೋರು ಮುಚ್ಚಿಬಿಡ್ತಾರೆ. ಮುಚ್ಚಿದ್ರೆ ಅವಳ ಹೆಸರಿಗೆ ಜಾಗ ಎಲ್ಲಿದೆ?"

ಡಿಸೆಂಬರ್ 20ಕ್ಕೆ ಅವಳ ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆ ಆಗಿತ್ತು. ಆಮೇಲೆ ಎರಡು ತಿಂಗಳು ಆರೈಕೆ ಕೇಂದ್ರದಲ್ಲಿದ್ದಳು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಕಂತು ತಪ್ಪಿತು. ಫೆಬ್ರವರಿ 20ಕ್ಕೆ ಮನೆಗೆ ಬಂದು ಟಪಾಲು ಒಡೆದರೆ, ಪೆಟ್ರೋಲಿನ ಮೂವತ್ತೊಂದು, ತಡವಾದದ್ದಕ್ಕೆ ದಂಡ ಇಪ್ಪತ್ತೊಂಬತ್ತು, ಎರಡೂ ಸೇರಿ ಅರವತ್ತು ಡಾಲರ್ ಪಾವತಿಯಾಗಿದೆ ಎಂದು ಬರೆದಿತ್ತು.

"ಬೇರೆ ಯಾರೂ ಕಟ್ಟಿರಲ್ವಾ? ನೆಂಟರು?"

"ನನ್ನ ನೆಂಟರಾ? ಚರ್ಚಲ್ಲಿ ಕಾಣಿಕೆ ತಟ್ಟೆ ಬಂದಾಗ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋ ಜನ ಅವರು."

ಬ್ರಿಗ್ಸ್ ನಗು ತಡೆದುಕೊಂಡಳು. ಲೊರೇನ್ ಒಂದು ಫೋಟೊ ಕೊಟ್ಟಳು. ದುಂಡು ಮುಖದ, ತಿಳಿ ನೀಲಿ ಕಣ್ಣಿನ ಹುಡುಗಿ ಸರೋವರದ ದಂಡೆಯಲ್ಲಿ ಗಾಳಿಗೆ ಕೂದಲು ಹಿಡಿದುಕೊಂಡು ನಿಂತಿದ್ದಳು.

"ಬದುಕಿದಾಳೆ ಅಂತ ಒಂದು ಮಾತು ತಂದುಕೊಡು ಸಾಕು," ಎಂದಳು ಲೊರೇನ್. "ಬರೋದು ಬಿಡೋದು ಅವಳಿಷ್ಟ."

ಅಪರಾಧ ಏನೂ ಇರಲಿಲ್ಲ. ಮಾಲಟೆಸ್ಟಾ ಅದನ್ನು ನಾಪತ್ತೆ ಪ್ರಕರಣವೆಂದು ದಾಖಲಿಸಿಕೊಂಡ.

ಮೊದಲ ಹೆಜ್ಜೆ ಬ್ಯಾಂಕು. ಖಾತೆದಾರಳೇ ಕೇಳಿದ್ದರಿಂದ ಕೋರ್ಟಿನ ಆದೇಶ ಬೇಕಾಗಲಿಲ್ಲ. ಮಾರ್ಚ್ 14ರ ಶುಕ್ರವಾರ ಪಾವತಿಯ ಪ್ರತಿ ಬಂತು. ಬಫಲೊ ನಗರದ ಒಂದು ದಿನಸಿ ಅಂಗಡಿಯಲ್ಲಿ ಫೆಬ್ರವರಿ 3ರಂದು ನಗದು ಕೊಟ್ಟು ಕೊಂಡ ಮನಿ ಆರ್ಡರ್ ಅದು. ಕಳಿಸಿದವರ ಜಾಗದಲ್ಲಿ ಕೈಬರಹ: ಟಿ. ನೊವಿಕಿ. ವಿಳಾಸವಿಲ್ಲ.

ಮಾಲಟೆಸ್ಟಾ ಅದನ್ನು ಲೊರೇನ್‌ಳ ಅಡುಗೆಮನೆಯ ಮೇಜಿನ ಮೇಲಿಟ್ಟ. ಬಫಲೊ ಅಲ್ಲಿಂದ ತೊಂಬತ್ತು ಮೈಲಿ, ಸರೋವರದ ದಂಡೆ ಹಿಡಿದು ಹೋದರೆ ಒಂದೂವರೆ ಗಂಟೆ.

"ಇಷ್ಟು ಹತ್ತಿರ!" ಎಂದಳು ಲೊರೇನ್. "ನಾನು ಇನ್ನೆಲ್ಲೋ ಕ್ಯಾಲಿಫೋರ್ನಿಯಾ ಕಡೆ ಇದಾಳೆ ಅನ್ಕೊಂಡಿದ್ದೆ."

"ಇದು ಅವಳ ಅಕ್ಷರಾನಾ?"

ಲೊರೇನ್ ಕನ್ನಡಕ ಹಾಕಿಕೊಂಡಳು. ತುಂಬ ಹೊತ್ತು ನೋಡಿದಳು.

"ಚಳಿ ಇತ್ತಲ್ಲ. ಕೈ ನಡುಗಿರಬೇಕು."

ಮಾಲಟೆಸ್ಟಾ ಮರುಪ್ರಶ್ನೆ ಹಾಕಲಿಲ್ಲ. ಪ್ರಶ್ನೆ ಹಾಕದೆ ಬಿಡುವುದೂ ತನಿಖೆಯ ಒಂದು ಭಾಗವೇ.

"ನೀವು ಆಸ್ಪತ್ರೇಲಿ ಇದ್ದಾಗ ಮನೆ ಹತ್ರ ಯಾರಾದ್ರೂ ಬಂದಿದ್ರಾ?"

"ಎದುರುಮನೆ ವರ್ನನ್‌ನ ಕೇಳು. ಬೀದೀಲಿ ನಾಯಿ ಕೆಮ್ಮಿದ್ರೂ ಅವನಿಗೆ ಗೊತ್ತಾಗತ್ತೆ."

ಮರುದಿನ, ಶನಿವಾರ, ಬೆಳಿಗ್ಗೆ ಒಂಬತ್ತೂವರೆಗೆ ಬ್ರಿಗ್ಸ್ ಎದುರುಮನೆಯ ಬೆಲ್ಲು ಒತ್ತಿದಳು. ವರ್ನನ್ ಟುಲ್ಲಿ ಲಾರಿ ಓಡಿಸಿ ನಿವೃತ್ತನಾದವನು. ಬಾಗಿಲಿಗೆ ಕ್ಯಾಮೆರಾ ಹಾಕಿಸಿದ್ದ.

"ಬಂದಿದ್ಲಲ್ಲ ಒಬ್ಳು," ಎಂದ. "ಮುದುಕಿ ಮನೆ ಮುಂದೆ ಹಿಮ ತೆಗೆದು ಹೋದ್ಲು. ಕೂಲಿಯವಳು ಅನ್ಕೊಂಡೆ. ನಮ್ಮನೆದೂ ತೆಗೀತೀಯೇನಮ್ಮ ಅಂತ ಕೂಗಿದೆ. ಓಡಿಹೋದ್ಲು."

"ನೀವು ಕೂಗಿದ ರೀತಿಗೆ ನಾನೂ ಓಡ್ತಿದ್ದೆ ಬಿಡಿ. ಕ್ಯಾಮೆರಾದಲ್ಲಿ ಸಿಕ್ಕಿದಾಳಾ?"

"ಅರವತ್ತು ದಿನದ್ದು ಇಟ್ಟಿರತ್ತೆ. ನೋಡ್ಕೊ. ಹಾಗೇ ಇದನ್ನ ಫೋನಲ್ಲಿ ದೊಡ್ಡದು ಮಾಡೋದು ಹೇಗೆ ಅಂತ ಹೇಳ್ಕೊಟ್ಟು ಹೋಗು."

ಫೆಬ್ರವರಿ 8, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಬೂದು ಬಣ್ಣದ ಸಣ್ಣ ಕಾರು ಲೊರೇನ್ ಮನೆಯೆದುರು ನಿಲ್ಲುತ್ತದೆ. ಹನ್ನೆರಡು ನಿಮಿಷ ಯಾರೂ ಇಳಿಯುವುದಿಲ್ಲ. ಆಮೇಲೆ ತಲೆಗೆ ಟೊಪ್ಪಿಗೆ ಎಳೆದುಕೊಂಡ ಹೆಂಗಸೊಬ್ಬಳು ಇಳಿದು ಬಾಗಿಲು ತಟ್ಟುತ್ತಾಳೆ, ಕಿಟಕಿಗೆ ಮುಖ ಒತ್ತಿ ಇಣುಕುತ್ತಾಳೆ. ಕಾರಿನಿಂದ ಸಲಿಕೆ ತಂದು ಮೆಟ್ಟಿಲಿಂದ ರಸ್ತೆಯವರೆಗೂ ಹಿಮ ಎತ್ತಿಹಾಕುತ್ತಾಳೆ. ಹೋಗುವಾಗ ಕಾರಿನ ಹಿಂಬದಿ ಸ್ಪಷ್ಟವಾಗಿ ಕಾಣುತ್ತದೆ: ನ್ಯೂಯಾರ್ಕ್ ರಾಜ್ಯದ ನಂಬರು.

ಲೊರೇನ್ ಅದನ್ನು ನಾಲ್ಕು ಸಲ ನೋಡಿದಳು.

"ಟೆಸ್ಸಾನೇ. ಎಡಗೈ ಮುಂದೆ ಕೊಟ್ಟು ಸಲಿಕೆ ಹಿಡೀತಾಳೆ ನೋಡು. ಅವರಪ್ಪನ ಥರ." ಪರದೆಯನ್ನು ಬೆರಳಿಂದ ಮುಟ್ಟಿದಳು. "ಬಾಗಿಲು ತಟ್ಟಿದಾಳೆ. ನೋಡಿದ್ಯಾ? ತಟ್ಟಿದಾಳೆ. ಇನ್ನೊಂದ್ಸಲ ಹಾಕು."

ಬ್ರಿಗ್ಸ್ ಐದನೇ ಸಲ ಹಾಕಿದಳು.

ಕಾರಿನ ನಂಬರಿಗೆ ಉತ್ತರ ಸೋಮವಾರ, ಮಾರ್ಚ್ 17ರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಬಂತು. ಒಡತಿಯ ಹೆಸರು ಟೆಸ್ಸಾ ನೊವಿಕಿ. ಹುಟ್ಟಿದ ದಿನಾಂಕ ಸರಿಯಾಗಿತ್ತು. ಬಫಲೊ ನಗರದ ಪಶ್ಚಿಮ ಭಾಗದ ವಿಳಾಸ. ಬ್ರಿಗ್ಸ್ ಕುರ್ಚಿಯಿಂದ ಎದ್ದೇಬಿಟ್ಟಳು.

"ಬದುಕಿದಾಳೆ ಸರ್! ಫೋನ್ ಮಾಡ್ಲಾ ಅಮ್ಮನಿಗೆ?"

"ತಡಿ. ಲೈಸೆನ್ಸಿನ ಫೋಟೊ ಬರ್ತಾ ಇದೆ."

ಫೋಟೊ ಬಂತು. ಮಾಲಟೆಸ್ಟಾ ಅದರ ಪಕ್ಕದಲ್ಲಿ ಸರೋವರದ ದಂಡೆಯ ಫೋಟೊ ಇಟ್ಟ. ಲೈಸೆನ್ಸಿನಲ್ಲಿದ್ದವಳದು ಉದ್ದ ಮುಖ, ಚೂಪು ಗದ್ದ, ಕಪ್ಪು ಕಣ್ಣು.

"ಹನ್ನೊಂದು ವರ್ಷ ಆಯ್ತಲ್ಲ ಸರ್. ಮುಖ ಬದಲಾಗತ್ತೆ."

"ಕಣ್ಣಿನ ಬಣ್ಣ ಬದಲಾಗಲ್ಲಮ್ಮ."

ಬ್ರಿಗ್ಸ್ ನಿಧಾನವಾಗಿ ಕೂತಳು. ಅದೇ ದಿನ ನಾಲ್ಕು ಗಂಟೆಗೆ ಕಡತದ ತಲೆಬರಹ ಬದಲಾಯಿತು: ಬೇರೊಬ್ಬರ ಗುರುತು ಬಳಸಿ ಜೀವಿಸುತ್ತಿರುವ ಆರೋಪ. ಬಫಲೊ ಪೊಲೀಸರಿಗೆ ಪತ್ರ ಹೋಯಿತು. ಟೆಸ್ಸಾ ನೊವಿಕಿ ಹೆಸರಿನ ಸಾಲಗಳ ವರದಿಯನ್ನೂ ತರಿಸಿದರು. ಮನೆ ಬಾಡಿಗೆ ಒಪ್ಪಂದ 2017ರ ಏಪ್ರಿಲ್‌ನದು. ಕಾರಿನ ಸಾಲ ತೀರಿತ್ತು. ಎಲ್ಲೂ ಒಂದು ಕಂತೂ ತಪ್ಪಿರಲಿಲ್ಲ. ಯಾರಿಗೂ ಒಂದು ಪೈಸೆ ಮೋಸವಾಗಿರಲಿಲ್ಲ. ಇಷ್ಟು ಶಿಸ್ತಿನ ಕಳ್ಳಿಯನ್ನು ಮಾಲಟೆಸ್ಟಾ ಮೂವತ್ತು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ.

ಐದಕ್ಕೆ ಲೊರೇನ್ ಫೋನ್ ಮಾಡಿದಳು.

"ನಂಬರಿನ ವಿಷಯ ಏನಾಯ್ತಪ್ಪ?"

"ಇನ್ನೂ ನೋಡ್ತಿದೀವಿ ಅಮ್ಮ."

"ಅವಳ ರೂಮಿಗೆ ಬಣ್ಣ ಹೊಡೆಸೋಣ ಅಂತಿದೀನಿ. ಮೊದಲಿಂದು ನೇರಳೆ. ಈಗ ಮೂವತ್ತನಾಲ್ಕು ವರ್ಷದೋಳಿಗೆ ನೇರಳೆ ಹಿಡಿಸತ್ತಾ?"

"ಸ್ವಲ್ಪ ದಿನ ಬಿಟ್ಟು ಮಾಡಿಸಿ," ಎಂದ ಮಾಲಟೆಸ್ಟಾ. ಫೋನಿಟ್ಟ ಮೇಲೆ ಬ್ರಿಗ್ಸ್‌ಳ ಮುಖ ನೋಡಲಿಲ್ಲ.

ಮಾರ್ಚ್ 19, ಬುಧವಾರ, ಬೆಳಿಗ್ಗೆ ಹನ್ನೊಂದೂವರೆ. ಬಫಲೊ ಪೊಲೀಸಿನ ಒಬ್ಬ ಅಧಿಕಾರಿಯ ಜೊತೆ ಮಾಲಟೆಸ್ಟಾ ಮತ್ತು ಬ್ರಿಗ್ಸ್ ಎರಡನೇ ಮಹಡಿಯ ಬಾಗಿಲು ತಟ್ಟಿದರು. ತೆಗೆದವಳು ವೃದ್ಧಾಶ್ರಮದ ಒಗೆತದ ಮನೆಯ ಸಮವಸ್ತ್ರದಲ್ಲಿದ್ದಳು, ಪಾಳಿಗೆ ಹೊರಟಿದ್ದಳು. ಲೈಸೆನ್ಸಿನ ಮುಖವೇ. ಮಾಲಟೆಸ್ಟಾನ ಎದೆಯ ಮೇಲಿನ ಬಿಲ್ಲೆಯಲ್ಲಿ ಊರಿನ ಹೆಸರು ಓದಿದಳು.

"ಈರಿಯಿಂದ ಬಂದ್ರಾ?"

"ಹೌದು."

"ಲೊರೇನಮ್ಮ... ಹೋಗ್ಬಿಟ್ರಾ?"

ಬಾಗಿಲು ತಟ್ಟಿದ ಪೊಲೀಸರಿಗೆ ತಪ್ಪಿತಸ್ಥರು ಕೇಳುವ ಪ್ರಶ್ನೆಗಳು ಮಾಲಟೆಸ್ಟಾಗೆ ಬಾಯಿಪಾಠವಿದ್ದವು. ಇದು ಆ ಪಟ್ಟಿಯಲ್ಲಿರಲಿಲ್ಲ.

"ಇಲ್ಲ. ಚೆನ್ನಾಗಿದಾರೆ. ಸೊಂಟದ ಆಪರೇಷನ್ ಆಗಿತ್ತು."

ಅವಳು ಗೋಡೆಗೆ ಕೈ ಕೊಟ್ಟು ಉಸಿರು ಬಿಟ್ಟಳು. "ಒಳಗೆ ಬನ್ನಿ."

ಉತ್ತರ ಕೊಡಲೇಬೇಕೆಂದಿಲ್ಲ, ವಕೀಲರನ್ನು ಕರೆಸಿಕೊಳ್ಳಬಹುದು ಎಂದು ಬಫಲೊ ಅಧಿಕಾರಿ ಓದಿ ಹೇಳಿದ. ಅವಳು ತಲೆಯಾಡಿಸಿದಳು. ಬ್ರಿಗ್ಸ್ ರೆಕಾರ್ಡರ್ ಒತ್ತಿದಳು.

"ನಿಮ್ಮ ಹೆಸರು?"

"ಟೆಸ್ಸಾ ನೊವಿಕಿ."

ಮಾಲಟೆಸ್ಟಾ ಸರೋವರದ ಫೋಟೊ ಮೇಜಿನ ಮೇಲಿಟ್ಟ. "ಇವಳು?"

ಅವಳು ಫೋಟೊದ ಅಂಚನ್ನು ಮಾತ್ರ ಮುಟ್ಟಿದಳು.

"ಟೆಸ್ಸಾ."

"ಹಾಗಾದ್ರೆ ನೀವು?"

"ಕೊರೀನ್." ಫೋಟೊದಿಂದ ಕೈ ತೆಗೆದಳು. "ಕೊರೀನ್ ಮ್ಯಾಡಕ್ಸ್."

"ಟೆಸ್ಸಾ ಎಲ್ಲಿ?"

"ತೀರ್ಕೊಂಡ್ಲು. 2017, ಫೆಬ್ರವರಿ ಒಂಬತ್ತು. ನ್ಯುಮೋನಿಯಾ."

"ಎಲ್ಲಿ?"

"ಆಸ್ಪತ್ರೇಲಿ. ನನ್ನ ಹೆಸರಲ್ಲಿ."

ಬ್ರಿಗ್ಸ್ ತಲೆಯೆತ್ತಿದಳು. ಕೊರೀನ್ ಹೇಳುತ್ತ ಹೋದಳು, ಅವರು ಬರೆದುಕೊಳ್ಳುತ್ತ ಹೋದರು.

ಕೊರೀನ್‌ಗೆ ಅಪ್ಪ ಅಮ್ಮ ಯಾರೆಂದು ಗೊತ್ತಿರಲಿಲ್ಲ. ಸರ್ಕಾರ ಹಣ ಕೊಟ್ಟು ಮಕ್ಕಳನ್ನು ಸಾಕಿಸುವ ಮನೆಗಳಲ್ಲಿ ಬೆಳೆದವಳು, ಹದಿನೆಂಟು ವರ್ಷದಲ್ಲಿ ಒಂಬತ್ತು ಮನೆ. ಹೆದ್ದಾರಿ ಪಕ್ಕದ ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸುವ ಕೆಲಸದಲ್ಲಿ ಟೆಸ್ಸಾಳ ಪರಿಚಯವಾಯಿತು. ಇಬ್ಬರೂ ಎರಡು ವರ್ಷ ಅಲ್ಲೇ ಒಂದು ಕೋಣೆಯಲ್ಲಿದ್ದರು. ಟೆಸ್ಸಾಗೆ ಜ್ವರ ಏರಿದಾಗ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ವಿಮೆ ಇಲ್ಲದೆ ಒಳಗೆ ಕಾಲಿಟ್ಟರೆ ಹತ್ತು ವರ್ಷ ದುಡಿದರೂ ತೀರದ ಬಿಲ್ಲು. ಕೊರೀನ್‌ಗೆ ವಿಮೆ ಇತ್ತು. ಹಾಗೆ ಬೆಳೆದ ಮಕ್ಕಳಿಗೆ ಇಪ್ಪತ್ತಾರರವರೆಗೆ ಸರ್ಕಾರವೇ ಕೊಡುತ್ತದೆ. ಅವಳು ತನ್ನ ವಿಮೆಯ ಕಾರ್ಡನ್ನು ಟೆಸ್ಸಾಳ ಕೈಗೆ ಕೊಟ್ಟಳು. ಕೌಂಟರಿನವರು ಹೆಸರು ಕೇಳಿದರು. ಟೆಸ್ಸಾ "ಕೊರೀನ್ ಮ್ಯಾಡಕ್ಸ್" ಎಂದಳು. ಇಂಥದ್ದನ್ನು ಅಲ್ಲಿ ಎಷ್ಟೋ ಜನ ಮಾಡುತ್ತಾರೆ, ವಾಸಿಯಾಗಿ ಮನೆಗೆ ಬರುತ್ತಾರೆ. ಟೆಸ್ಸಾ ನಾಲ್ಕನೇ ದಿನ ಸತ್ತಳು. ಕಾಗದದಲ್ಲಿ ಸತ್ತವಳು ಕೊರೀನ್. ನೆಂಟರು ಯಾರೂ ಇಲ್ಲವೆಂದು ಜಿಲ್ಲಾಡಳಿತವೇ ಮಣ್ಣು ಮಾಡಿತು.

"ಮಾರನೇ ದಿನ ಹೋಗಿ ನಿಜ ಹೇಳಬಹುದಿತ್ತು."

"ವಿಮೆ ಮೋಸ ಅಂತ ಜೈಲಿಗೆ ಹಾಕ್ತಾರೆ ಅಂತ ಕೇಳಿದ್ದೆ. ನಂಗೆ ಇಪ್ಪತ್ನಾಲ್ಕು. ಹೆದರಿದೆ."

"ಅವಳ ಕಾಗದಪತ್ರ?"

"ಪೆಟ್ಟಿಗೇಲಿತ್ತು. ಎರಡು ತಿಂಗಳು ಮುಟ್ಟಲಿಲ್ಲ ಸಾರ್. ಲಾಡ್ಜಿನೋರು ರೂಮು ಖಾಲಿ ಮಾಡು ಅಂದ್ರು. ಈ ಮನೆ ಕೇಳೋಕೆ ಬಂದಾಗ ಓನರ್ರು ಸ್ಕೋರ್ ಎಷ್ಟು ಅಂದ್ರು. ನನ್ನ ಹೆಸರಿಗೆ ಸ್ಕೋರೇ ಇಲ್ಲ, ಸತ್ತವಳು ಬೇರೆ. ಟೆಸ್ಸಾ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟೆ. ಏಳುನೂರ ತೊಂಬತ್ತು. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟೊಂದು ಹೇಗಮ್ಮ ಅಂದ್ರು. ನಮ್ಮಮ್ಮ ಹೆಸರು ಸೇರಿಸಿದಾರೆ ಅಂದೆ. ಬಾಯಿಂದ ಬಂದುಬಿಡ್ತು. ನಮ್ಮಮ್ಮ ಅಂತ. ಅದೇ ಮೊದಲ ಸಲ ಆ ಮಾತು ಹೇಳಿದ್ದು ನಾನು."

"ಲೊರೇನ್ ಬಿಲ್ಲು ಯಾಕೆ ಕಟ್ಟಿದ್ರಿ? ಸ್ಕೋರು ಬೀಳತ್ತೆ ಅಂತಾನಾ?"

"ಸ್ಕೋರು ಹಾಳಾಗಿ ಹೋಗ್ಲಿ. ಈಗ ನಂಗೆ ಬೇರೆ ಖಾತೆ ಇದಾವೆ." ತನ್ನ ಫೋನು ತೆರೆದು ತೋರಿಸಿದಳು. ಟೆಸ್ಸಾಳ ಹೆಸರಿನ ಸಾಲದ ವರದಿ, ಅದರಲ್ಲಿ 1989ರ ಆ ಖಾತೆ, ತಿಂಗಳು ತಿಂಗಳಿನ ಬಾಕಿ. "ಏನು ತಗೊಂಡ್ರು ಅಂತ ಇದರಲ್ಲಿ ಬರಲ್ಲ. ಎಷ್ಟು ಅಂತ ಮಾತ್ರ. ಇಪ್ಪತ್ತಾರು, ಮೂವತ್ತು, ಇಪ್ಪತ್ತೆಂಟು. ಪೆಟ್ರೋಲ್ ಇರಬೇಕು ಅನ್ಕೋತೀನಿ, ಕಾರು ಹೊರಗೆ ತೆಗೆದಿದಾರೆ, ಎಲ್ಲೋ ಹೋಗಿದಾರೆ, ಬಂದಿದಾರೆ. ಪ್ರತಿ ತಿಂಗಳೂ ನೋಡ್ತೀನಿ. ಜನವರೀಲಿ ಹೊಸದೇನೂ ಬರಲಿಲ್ಲ, ಹಳೇದೂ ಕಟ್ಟಿರಲಿಲ್ಲ. ಬಿದ್ದುಗಿದ್ದು ಹೋದ್ರೇನೋ ಅಂತ. ಫೋನ್ ಮಾಡಿದ್ರೆ ಯಾರು ಅಂತ ಹೇಳ್ಕೊಳ್ಳಿ? ಹಣ ಕಳಿಸಿದೆ. ಮನಸ್ಸು ತಡೀಲಿಲ್ಲ, ಹೋಗಿ ಬಾಗಿಲು ತಟ್ಟಿದೆ. ಯಾರೂ ತೆಗೀಲಿಲ್ಲ."

"ತೆಗೆದಿದ್ರೆ ಏನು ಹೇಳ್ತಿದ್ರಿ?"

"ಗೊತ್ತಿಲ್ಲ. ವಿಳಾಸ ತಪ್ಪಾಯ್ತು ಅಂತಿದ್ದೆ ಅನ್ಸತ್ತೆ."

ಮಾಲಟೆಸ್ಟಾ ಅಷ್ಟು ಹೊತ್ತು ತಡೆದುಕೊಂಡಿದ್ದನ್ನು ಕೇಳಿದ.

"ಎಂಟು ವರ್ಷ ಆ ಮುದುಕಿ ಮಗಳಿಗೆ ಕಾಯ್ತಾ ಕೂತಿದಾಳೆ. ಹೆಸರಿಲ್ಲದೆ ಒಂದು ಕಾಗದ ಹಾಕಬಹುದಿತ್ತಲ್ಲ, ನಿನ್ನ ಮಗಳು ಇಲ್ಲ ಅಂತ."

"ಹಾಕಿದ್ರೆ ಹೆಸರು ತೆಗೆಸ್ತಿದ್ರು. ತೆಗೆಸಿದ್ರೆ ಆಮೇಲೆ ಅವರು ನಂಗೆ ಕಾಣಿಸ್ತಿರಲಿಲ್ಲ."

ಸಮರ್ಥನೆ ಅಂದುಕೊಂಡು ಅವಳು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೆ. ತಪ್ಪು ಅಂದರೆ ಅದೇ ತಪ್ಪು, ಬಾಡಿಗೆ ಮನೆಯೂ ಅಲ್ಲ, ಕಾರೂ ಅಲ್ಲ.

ಮಹಜರು ಬರೆದರು: ಲೈಸೆನ್ಸ್ ಒಂದು, ಜನನ ಪತ್ರ ಒಂದು, ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಒಂದು, ಟೆಸ್ಸಾ ನೊವಿಕಿ ಹೆಸರಿನ ಅವಧಿ ಮುಗಿದ ಕ್ರೆಡಿಟ್ ಕಾರ್ಡ್ ಒಂದು, ಫೋನು ಒಂದು. ಆ ಕಾರ್ಡಿನಿಂದ ಎಂದೂ ಏನೂ ಖರೀದಿಯಾಗಿರಲಿಲ್ಲ. ಹನ್ನೆರಡು ಐವತ್ತಕ್ಕೆ ಬಂಧನ. ಕೊರೀನ್ ಒಲೆ ಆರಿದೆಯೇ ಎಂದು ಒಮ್ಮೆ ನೋಡಿ, ವೃದ್ಧಾಶ್ರಮಕ್ಕೆ ಫೋನ್ ಮಾಡಿ ಇವತ್ತು ಪಾಳಿಗೆ ಬರುವುದಿಲ್ಲ ಎಂದು ಹೇಳಿ, ಕೈ ಮುಂದೆ ಮಾಡಿದಳು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ದಾಖಲೆ, ಸ್ಮಶಾನದ ದಾಖಲೆ ಎರಡೂ ತಾಳೆಯಾದವು. ಆಸ್ಪತ್ರೆಯ ಕಡತದಲ್ಲಿ ರೋಗಿಯ ಕಣ್ಣು ನೀಲಿ ಎಂದಿತ್ತು. ಹನ್ನೊಂದೂಕಾಲಿಗೆ ಮಾಲಟೆಸ್ಟಾ ಲೊರೇನ್‌ಳ ಅಡುಗೆಮನೆಯಲ್ಲಿ ಕೂತಿದ್ದ. ಅವಳು ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳನ್ನು ಬೆಣ್ಣೆಯಲ್ಲಿ ಹುರಿಯುತ್ತಿದ್ದಳು. ಮನೆಗೆ ಬಂದ ಪೊಲೀಸನನ್ನೂ ಉಣ್ಣಿಸದೆ ಕಳಿಸುವವಳಲ್ಲ.

"ಒಲೆ ಆರಿಸಿ ಅಮ್ಮ. ಕೂತ್ಕೊಳ್ಳಿ."

ಅವಳು ಒಲೆ ಆರಿಸಿದಳು. ಕೂರಲಿಲ್ಲ.

"ಅಕ್ಷರ ಅವಳದಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು," ಎಂದಳು. "ಹೇಳು."

ಮಾಲಟೆಸ್ಟಾ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ, ಏನನ್ನೂ ಮೆತ್ತಗೆ ಮಾಡಲಿಲ್ಲ. ಲೊರೇನ್ ಬಾಣಲೆಯ ಹಿಡಿ ಹಿಡಿದೇ ನಿಂತಿದ್ದಳು. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಗೋರಿ ಮೇಲೆ ಕಲ್ಲಿದೆಯಾ?"

"ಕಲ್ಲಿಲ್ಲ. ನಂಬರಿನ ಗೂಟ ಇದೆ. ಕೊರೀನ್ ಹೇಳಿಕೆಗೆ ಸಹಿ ಹಾಕಿದಾಳೆ. ಮರಣ ಪತ್ರದಲ್ಲಿ ಹೆಸರು ತಿದ್ದುತಾರೆ. ಆಮೇಲೆ ನೀವು ಕಲ್ಲು ಇಡಿಸಬಹುದು."

"ಆ ಹುಡುಗೀನ ನೋಡಬೇಕು ನಾನು."

"ಬೇಡ ಅಮ್ಮ."

"ನಿನ್ನ ಕೇಳಲಿಲ್ಲ. ಕರ್ಕೊಂಡು ಹೋಗ್ತೀಯಾ, ಇಲ್ಲ ಈ ಸೊಂಟ ಇಟ್ಕೊಂಡು ನಾನೇ ಓಡಿಸ್ಕೊಂಡು ಹೋಗ್ಲಾ?"

ಮಾರ್ಚ್ 27, ಮಧ್ಯಾಹ್ನ ಎರಡು ಗಂಟೆ. ಬಫಲೊ ಜೈಲಿನ ಭೇಟಿ ಕೋಣೆ. ನಡುವೆ ಗಾಜು, ಎರಡೂ ಕಡೆ ಫೋನು. ಕೊರೀನ್ ಬಂದು ಕೂತಳು, ತಲೆಯೆತ್ತಲಿಲ್ಲ. ಎಂಟು ವರ್ಷ ಬರೀ ಅಂಕಿಯಾಗಿ ಕಂಡವಳು ಎದುರಿಗೆ ಕೂತಿದ್ದಳು. ಮಾಲಟೆಸ್ಟಾ ಹಿಂದೆ ಗೋಡೆಗೊರಗಿ ನಿಂತ.

"ಕ್ಷಮಿಸ್ತೀನಿ ಅನ್ಕೊಂಡಿದ್ರೆ ಆ ಆಸೆ ಬಿಟ್ಬಿಡು," ಎಂದಳು ಲೊರೇನ್. "ನನ್ನ ಮಗಳನ್ನ ನಿನ್ನ ಹೆಸರಲ್ಲಿ ಮಣ್ಣಿಗೆ ಹಾಕಿ ಸುಮ್ನಿದ್ದೋಳು ನೀನು."

"ಹೌದು."

"ಒಂದು ಕೇಳ್ತೀನಿ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳಬೇಡ, ಗೊತ್ತಾಗತ್ತೆ ನಂಗೆ. ಅವಳು ನನ್ನ ನೆನೆಸ್ಕೋತಿದ್ಲಾ?"

"ಬೈಕೋತಿದ್ಲು."

"ಅದು ನಿಜ ಇರಬೇಕು."

"ತುಂಬಾ ಬೈಕೋತಿದ್ಲು. ಆದ್ರೆ ತಿಂಗಳ ಮೊದಲ ವಾರ ಫೋನ್ ತೆಗೆದು ಆ ಬಾಕಿ ನೋಡೋಳು. ನಾನು ಕಲಿತಿದ್ದೇ ಅವಳಿಂದ." ಕೊರೀನ್ ಈಗ ತಲೆಯೆತ್ತಿದ್ದಳು. "'ಮುದುಕಿ ಮೂವತ್ತಕ್ಕೆ ಪೆಟ್ರೋಲ್ ಹಾಕ್ಸಿದಾಳೆ ನೋಡೇ, ಆ ಡಬ್ಬಾ ಕಾರು ಇನ್ನೂ ಓಡ್ತಿದೆ' ಅನ್ನೋಳು. 'ನನ್ನ ಹೆಸರು ಇ‍ನ್ನೂ ತೆಗೆಸಿಲ್ಲ ಕಣೇ' ಅನ್ನೋಳು. ಒಂದ್ಸಲ ತೊಂಬತ್ತೆರಡು ಬಂದಿತ್ತು. 2016, ಜುಲೈ. ಅವತ್ತಿಡೀ ರೂಮು ಗುಡಿಸ್ತಾ ಅದೇ ಮಾತು. ಅಮ್ಮ ತೊಂಬತ್ತೆರಡಕ್ಕೆ ಏನು ತಗೊಂಡ್ಲು? ಕೋಟಾ? ಜುಲೈಲಿ ಯಾರು ಕೋಟು ತಗೋತಾರೆ? ಯಾರ ಜೊತೆಗಾದ್ರೂ ಹೋಟೆಲಿಗೆ ಹೋಗಿದ್ಲಾ? ಯಾವನೇ ಅವನು? ತಲೆ ತಿಂದ್ಲು. ಫೋನ್ ಮಾಡಿ ಕೇಳು ಅಂದೆ. ನಂಬರೆಲ್ಲ ಒತ್ತಿದ್ಲು. ರಿಂಗ್ ಆಗೋ ಮುಂಚೆ ಇಟ್ಬಿಟ್ಲು."

ಲೊರೇನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಅಡುಗೆಮನೆ ನಲ್ಲಿ," ಎಂದಳು ಆಮೇಲೆ.

"ಏನು?"

"ನಲ್ಲಿ ಒಡೆದಿತ್ತು. ನೆಲ ಎಲ್ಲ ನೀರು. ಹೊಸದು ಹಾಕಿಸಿದೆ. ತೊಂಬತ್ತೆರಡು."

ಗಾಜಿನ ಆಚೆ ಕೊರೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಫೋನು ಮೇಜಿನ ಮೇಲೆ ಬಿತ್ತು. ಕಾವಲಿನವನು ಗಡಿಯಾರ ನೋಡಿ, ಇನ್ನು ಐದು ನಿಮಿಷ ಎಂದ. ಲೊರೇನ್ ಕುರ್ಚಿಯನ್ನು ಗಾಜಿನ ಹತ್ತಿರ ಎಳೆದುಕೊಂಡು, ಬೆರಳ ಗೆಣ್ಣಿನಿಂದ ಗಾಜು ತಟ್ಟಿದಳು.

"ಏಯ್, ಎತ್ಕೋ ಅದನ್ನ," ಎಂದಳು. "ಆ ತಿಂಗಳು ಬಿಟ್ಟು ಇನ್ನೇನೇನು ಕೇಳಿದ್ಲು? ಒಂದೂ ಬಿಡದೆ ಹೇಳು."